ಬಾಣಂತಿ ಕೋಣೆಯ ಬೆಳಕಿಂಡಿ

ಜನವರಿ 6, ಮುಂಜಾನೆ 9
ಲಿಂಗಪೂಜೆ ಆಯಿತು. ಮಗಳು ಜಗದೇವಿಗೆ ನೀರು ಹಾಕಿ, ಅವಳು ಮಲಗುವ ಹೊರಸಿನ ಕೆಳಗೆ ಕೆಂಡದ ಶಗಡಿ ಇಟ್ಟೆ. ಹೆತ್ತು ಎಂಟು ದಿನ. ಹೆಣ್ಣು ಕೂಸು, ಚೆಲುವಿ. ಕೋಣೆಗೆ ಕಿಟಕಿ ಇಲ್ಲ. ತಲೆಯ ಮೇಲಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ — ಅದಕ್ಕೂ ಶಹಾಬಾದ ಕಲ್ಲು ಮುಚ್ಚಿದ್ದೇನೆ. ಈ ಸಲ ನಮ್ಮೂರು ಚಿಮ್ಮನಚೋಡದಲ್ಲಿ ಚಳಿ ಭಾಳ. ಬಾಣಂತಿಗೆ ಗಾಳಿ ಸೋಕಿದರೆ ಸನ್ನಿ.

ಜನವರಿ 7
ಆಶಾ ಕಾರ್ಯಕರ್ತೆ ಲತೀಫಾ ಬಂದಳು. ಬಾಗಿಲಲ್ಲೇ ಕೆಮ್ಮಿದಳು.
"ಅಕ್ಕಾರ, ಕೂಸಿಗಿ ಬದನಿಕಾಯಿ ಸುಟ್ಟಂಗ ಸುಡಾಕತ್ತೀರೇನು? ವೆಂಟಿಲೇಶನ್ ಬೇಕ್ರಿ. ಕೆಂಡದ ಗಾಳಿ ವಿಷ ಅದ."
"ಇದೇ ಶಗಡಿ ಮ್ಯಾಲ ಮೂರು ಬಾಣಂತನ ಮಾಡಿಸ್ಕೊಂಡೀನಿ. ನೀ ಹುಟ್ಟಿದ್ದಿಲ್ಲ ಆಗ."
"ಆಗ ನಿಮ್ಮ ಕಟ್ಟಿಗಿ ಬಾಗಿಲಿಗಿ ಕೈ ಹೋಗೋ ಸಂದಿ ಇದ್ದವು. ಈಗ ಕಬ್ಬಿಣದ್ದು ಹಾಕೀರಿ!"
ತಾನೇ ಮಾಳಿಗೆ ಹತ್ತಿ ಕಲ್ಲು ಸರಿಸಿ ಹೋದಳು.
"ಈಗ ತಲಿನೋವು ಇಳೀತವ್ವಾ" ಅಂದಳು ಜಗದೇವಿ.

ಜನವರಿ 9, ಸಂಜೆ 7
ಕೂಸು ಸೀನಿತು. ಎರಡು ಸಲ. ಕತ್ತಲಾದ ಮೇಲೆ ಮಾಳಿಗೆ ಹತ್ತಿ ಕಲ್ಲು ಮುಚ್ಚಿ ಬಂದೆ. ಯಾರಿಗೂ ಹೇಳಿಲ್ಲ. ಶಗಡಿ ತುಂಬಿಸಿ ಬಾಗಿಲು ಎಳೆದೆ. ಶಿವ ಕಾಯುತ್ತಾನೆ.

ಜನವರಿ 10, ಮುಂಜಾನೆ 10
ಕಲಬುರಗಿ, ಆಸ್ಪತ್ರೆ. ಕೂಸಿನ ಬಟ್ಟೆಯ ಜೊತೆ ಈ ನೋಟ್‌ಬುಕ್ಕೂ ಚೀಲದಲ್ಲಿ ಬಂದಿದೆ. ಆರಕ್ಕೆ ಬಾಗಿಲು ತೆರೆದೆ — ಜಗದೇವಿ ವಾಂತಿ ಮಾಡಿಕೊಂಡು ಬಿದ್ದಿದ್ದಳು. ಕೂಗಿದರೆ ಓ ಅನ್ನಲಿಲ್ಲ. ಕೂಸಿನ ಮೈ ಅರಿವೆಯಂತೆ ಜೋತಿತ್ತು.
ಡಾಕ್ಟರು ಕೇಳಿದರು, ಕೋಣೆ ಎಷ್ಟು ತಾಸು ಮುಚ್ಚಿತ್ತು?
ಅಳಿಯ ಸಂಗಮೇಶ್ವರ ಹೇಳಿದ: "ಮುಚ್ಚಿದ್ದಿಲ್ರಿ. ಮೊನ್ನಿ ಲತೀಫಾ ತೆರದ ಬೆಳಕಿಂಡಿ ಹಂಗೇ ಇತ್ತು. ನಮ್ಮತ್ತಿ ಭಾಳ ಜ್ವಾಪಾನ ಮಾಡ್ತಾರ."
"ಹಂಗಾದ್ರ ಬ್ಯಾರೆ ಏನೋ ಅದ" ಅಂದು ಒಳಗೆ ಹೋದರು.
ನಾನು ರುದ್ರಾಕ್ಷಿ ಎಣಿಸುತ್ತ ಕೂತಿದ್ದೆ.

10.20
ಒಳಗೆ ಇಲ್ಲದ ರೋಗ ಹುಡುಕುತ್ತಿದ್ದಾರೆ. ಏಳರಿಂದ ಆರು — ಹನ್ನೊಂದು ತಾಸು. ಗೊತ್ತಿರುವವಳು ನಾನೊಬ್ಬಳೇ. ಸಂಗಮೇಶ್ವರ ಚಹಾ ತಂದುಕೊಟ್ಟು, "ಹೆದರಬ್ಯಾಡ್ರಿ ಅತ್ತಿ" ಅಂದ. ಶಿವನಿಗೆ ಎಲ್ಲ ಹೇಳಿದೆ. ಶಿವನಿಗೆ ಹೇಳಿದ್ದು ಡಾಕ್ಟರಿಗೆ ಕೇಳಿಸುವುದಿಲ್ಲ. ಏಳುತ್ತೇನೆ. ಈಗಲೇ ಹೇಳಿ…
ಬಾಗಿಲು ತೆರೆಯಿತು. ನರ್ಸು. ಅವಳ ಕೈಯಲ್ಲಿ ಕೂಸಿನ ಕುಲಾವಿ ಮಾತ್ರ —