ಬೂದಿಯ ಕೊರಳಪಟ್ಟಿ

ಭಾನುವಾರ, ಮಧ್ಯಾಹ್ನ

ನನ್ನ ಮಗಳ ಅಪ್ಪನಿಗೆ,

ಪ್ರೀತಿಯ ಎಂದು ಶುರು ಮಾಡಲು ಕೈ ಬರಲಿಲ್ಲ. ಕ್ಷೇಮ ಸಮಾಚಾರ ಕೇಳುವಷ್ಟು ತಾಳ್ಮೆಯೂ ಇಲ್ಲ.

ಬೀಡಾಡಿ ಕತ್ತೆಗಳನ್ನು ಕೊಲ್ಲಬೇಡಿ ಎಂದು ನಾನು ಯಾವತ್ತೂ ಹೇಳಿದವಳಲ್ಲ. ಈ ಬಯಲಿನ ನೀರಿನ ತೊಟ್ಟಿಗಳನ್ನು ನೋಡಿಕೊಳ್ಳುವವಳು ನಾನು. ಅವು ಪೈಪು ಒದ್ದು ಮುರಿದದ್ದು, ಒರತೆ ತುಳಿದು ಕೆಸರು ಮಾಡಿದ್ದು, ನೀರಿಲ್ಲದೆ ಕುರಿಗಳು ತೊಟ್ಟಿಯ ಪಕ್ಕದಲ್ಲೇ ಸತ್ತದ್ದು ಎಲ್ಲ ನನ್ನ ಕಣ್ಣೆದುರೇ. ಹಾಗಾಗಿ ಅವನ್ನು ಕೊಲ್ಲಿಸುವ ನಿಮ್ಮ ಇಲಾಖೆಯ ಪಾಠ ನನಗೆ ಬೇಡ.

ಆದರೆ ನಮ್ಮ ಮನೆಯ ಕತ್ತೆ ಬೂದಿ ಬೀಡಾಡಿಯಾಗಿತ್ತೇ? ತಾಯಿ ಸತ್ತ ಮರಿ ಎಂದು ನೀವೇ ಅದನ್ನು ಜೀಪಿನಲ್ಲಿ ತಂದಿರಿ. ಮಗಳು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದಳು. ಅವಳು ಶಾಲೆಗೆ ಹೋದ ಹೊತ್ತು ನೋಡಿ ಬಂದು, ಅದರ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಬಯಲಿಗೆ ಅಟ್ಟಿದಿರಿ. ಕತ್ತೆ ಒಂಟಿಯಾಗಿ ಇರಲಾರದು, ತನ್ನವರನ್ನು ಹುಡುಕುತ್ತದೆ, ಹಿಂಡು ಸಿಕ್ಕ ಮೇಲೆ ಬಂದೂಕಿನವರು ಉಳಿದವನ್ನೆಲ್ಲ ಹೊಡೆದು ಪಟ್ಟಿಯದನ್ನು ಮಾತ್ರ ಬಿಡುತ್ತಾರೆ, ಅದು ಮತ್ತೆ ಹುಡುಕುತ್ತದೆ ಎಂದು ನನಗೆ ಬಿಡಿಸಿ ಬಿಡಿಸಿ ಹೇಳಿದಿರಿ. ಎಂಥ ತಲೆ ನಿಮ್ಮದು. ಕಾಡಿನದನ್ನು ಹಿಡಿಯುವ ಕಷ್ಟ ಯಾರಿಗೆ ಬೇಕೆಂದು ಮನೆಯದಕ್ಕೇ ಕಟ್ಟಿದಿರಿ.

ಅದು ತನ್ನವರನ್ನೇ ಹುಡುಕಿತು. ಮನೆಗೆ ಬಂತು.

ನಿನ್ನೆ ಬೆಳಿಗ್ಗೆ ಮಗಳು ಅಂಗಳದಲ್ಲಿ ಅದರ ಕುತ್ತಿಗೆ ತಬ್ಬಿಕೊಂಡು ಕೂತಿದ್ದಾಗ, ನಿಮ್ಮ ಬಂದೂಕಿನವರು ಸಿಗ್ನಲ್ಲಿನ ಜಾಡು ಹಿಡಿದು ಬೇಲಿಯಾಚೆ ಬಂದು ನಿಂತರು. ನಮ್ಮನ್ನು ನೋಡಿ ಪೆಚ್ಚಾದರು, ಪಾಪ, ಏನು ಮಾಡಬೇಕೆಂದು ನಿಮ್ಮನ್ನೇ ಕೇಳಿದರು. ಮನೆಗೆ ಓಡಿ ಬರುವ ಕತ್ತೆ ಕೆಲಸಕ್ಕೆ ಬಾರದು, ಹೊಡೆದು ಪಟ್ಟಿ ವಾಪಸ್ ತನ್ನಿ ಎಂದು ನೀವು ವೈರ್‌ಲೆಸ್ಸಿನಲ್ಲಿ ಹೇಳಿದ್ದು ಅಂಗಳಕ್ಕೆಲ್ಲ ಕೇಳಿಸಿತು. ಮಗಳು ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು: "ಅಮ್ಮಾ, ಅದು ಅಪ್ಪನ ದನೀನಾ?"

ಅಲ್ಲ ಎಂದೆ. ಸುಳ್ಳು ಹೇಳಿದ್ದು ನಿಮ್ಮ ಮರ್ಯಾದೆ ಉಳಿಸುವುದಕ್ಕಲ್ಲ, ಅವಳಿಗೊಬ್ಬ ಅಪ್ಪ ಇರಲಿ ಎಂದು. ಬೂದಿ ಇಲ್ಲೇ ಇರುತ್ತದೆ. ಅದರ ತಂಟೆಗೆ ಬರುವುದಾದರೆ ನೀವು ಈ ಮನೆಯ ಹೊಸ್ತಿಲು ತುಳಿಯುವುದೇ ಬೇಡ.

ಇಂತಿ,
ಸದ್ಯಕ್ಕೆ ನಿಮ್ಮ ಹೆಂಡತಿ

ಇನ್ನೊಂದು ಮಾತು: ಬಂದೂಕಿನವರು ಬೂದಿಯನ್ನು ಸುಮ್ಮನೆ ಬಿಟ್ಟು ಹೋಗಲಿಲ್ಲ. ಬೇರೆ ಹಿಂಡು ತೋರಿಸಿದರೆ ಇದನ್ನು ಬಿಡುತ್ತೇವೆ ಎಂದರು. ದೂರದ ತೊಟ್ಟಿಗೆ ಸಂಜೆ ನೀರಿಗೆ ಬರುವ ಕತ್ತೆಗಳಿಗೆ ನನ್ನ ಗುರುತು ಚೆನ್ನಾಗಿದೆ, ನನ್ನನ್ನು ಕಂಡರೆ ಓಡುವುದಿಲ್ಲ. ನಿನ್ನೆ ಸಂಜೆ ನಾನೇ ಮುಂದೆ ನಡೆದು ತೋರಿಸಿದೆ. ಅವರು ಹೊಡೆದವುಗಳಲ್ಲಿ ಮರಿಗಳೂ ಇದ್ದವು. ಮಗಳಿಗೆ ಹೇಳಬೇಡಿ.