ಕುರ್ಚಿ ಇನ್ನು ಬೇಡ

ಅರಸೀಕೆರೆ
12-8-2008

ಡಿಪೊ ಮ್ಯಾನೇಜರ್ ಸಾಹೇಬರಿಗೆ, ಕಂಡಕ್ಟರ್ ಲತಾಮಣಿಯ ನಮಸ್ಕಾರಗಳು.

ಕಾಲಿನ ನರಗಳು ಉಬ್ಬಿ ನಿಲ್ಲಲಾಗದ ನನ್ನನ್ನು ಎಂಟು ತಿಂಗಳಿಂದ ಆಫೀಸಿನ ಕುರ್ಚಿಯಲ್ಲಿ ಕೂರಿಸಿದ್ದೀರಿ. ಉಪಕಾರ ಮರೆಯುವುದಿಲ್ಲ. ಆದರೆ ಕುರ್ಚಿ ಇನ್ನು ಬೇಡ.

ಕಳೆದ ತಿಂಗಳು ಡಾಕ್ಟರು ಕಾಲು ಕೊಯ್ಯದೆ, ಸೂಜಿ ಹೋಗುವಷ್ಟು ತೂತಿನಲ್ಲೇ ಲೇಸರ್ ತೂರಿಸಿ ಕೆಟ್ಟ ನರ ಮುಚ್ಚಿದರು. ಹೊಲಿಗೆಯೂ ಇಲ್ಲ. ಕೂಡಲೇ ಅರ್ಧ ಗಂಟೆ ನಡೆಯಲು ಹೇಳಿದರು. ನಡೆದೆ. ವಾರ್ಡಿನ ಬಾಗಿಲಲ್ಲಿ ಜನ ಗುಂಪುಗಟ್ಟಿದ್ದರು. "ಬಾಗ್ಲಲ್ಲಿ ನಿಲ್ಬೇಡಿ, ಒಳಕ್ಕೆ ನಡೀರಿ!" ಎಂದು ಬಾಯಿ ತಾನಾಗಿ ಕೂಗಿತು. ಎಲ್ಲರೂ ತೆಪ್ಪಗೆ ಒಳಗೆ ಸರಿದರು, ಡಾಕ್ಟರೂ ಸೇರಿ.

ಫಿಟ್‌ನೆಸ್ ಸರ್ಟಿಫಿಕೇಟ್ ಲಗತ್ತಿಸಿದ್ದೇನೆ. ನನ್ನ ಟಿಕೆಟ್ ಚೀಲ ಕೊಡಿಸಿ. ಜಾವಗಲ್ ಸಂತೆಯ ದಿನ ಕಾಲಿಡಲೂ ಜಾಗವಿರದ ಬೇಲೂರು ಬಸ್ಸಿಗೇ ನನ್ನನ್ನು ಹಾಕಿ.

ನಿಂತುಕೊಂಡೇ ಇದನ್ನು ಬರೆದ,
ಲತಾಮಣಿ