ಕಾಳುಮೆಣಸು ಇನ್ನೊಂದು ಚೂರು

ಜನವರಿ 9, ಗುರುವಾರ

ನೇಂದ್ರ ಬಾಳೆಹಣ್ಣು ಮತ್ತೆ ಮಾಡಿದೆ. ತುಪ್ಪದಲ್ಲಿ ಹುರಿದು, ಮೇಲೆ ಬೆಲ್ಲದ ಪಾಕ, ಅದರ ಮೇಲೆ ನಮ್ಮ ತೋಟದ್ದೇ ಕಾಫಿ ಪುಡಿ, ಕಾಳುಮೆಣಸು. ಕೇಳಿದವರು ಮೂಗು ಮುರಿಯುತ್ತಾರೆ, ತಿಂದವರು ತಟ್ಟೆ ನೆಕ್ಕುತ್ತಾರೆ. ಎಂದಿನ ಹಾಗೆ ಮೊದಲ ತುತ್ತು ಇವರಿಗೆ. ನಾನು ಎದುರು ಕೂತು ಇವರ ಮುಖವನ್ನೇ ನೋಡುತ್ತಿದ್ದೆ. ಕಣ್ಣು ಮುಚ್ಚಿ ಅಗಿದರು.

"ತುಪ್ಪ ಮುಂದೆ ಬಂದಿದೆ, ಬೆಲ್ಲ ಹಿಂದೆ ಬಿದ್ದಿದೆ. ಕಾಳುಮೆಣಸು ಇನ್ನೊಂದು ಚೂರು ಬೇಕು ವಿಮಲಾ."

ಆಮೇಲೆ ನಾನು ತಿಂದರೆ ಗಂಟಲೆಲ್ಲ ಉರಿ. ಇದಕ್ಕೆ ಇನ್ನೊಂದು ಚೂರಾ! ಆದರೆ ಇವರ, ಆದಿರಾಜನ ನಾಲಿಗೆ ಅಂದರೆ ನಮ್ಮೂರು ಮುಳ್ಳನ್ಕೊಲ್ಲಿಯಲ್ಲಿ ಹೆಸರು. ಒಂದು ಕಾಳುಮೆಣಸು ಕಚ್ಚಿ ಯಾರ ತೋಟದ್ದು ಎಂದು ಹೇಳುವ ಮನುಷ್ಯ. ಮದುವೆಮನೆಯಲ್ಲಿ ಪಾಯಸ ಇಳಿಸುವ ಮೊದಲು ಇವರನ್ನೇ ಕರೆಯುವುದು. ಅವರ ಮುಂದೆ ನನ್ನದು ಯಾವ ನಾಲಿಗೆ... ಇನ್ನೊಂದು ಚೂರು ಹಾಕಿದೆ.

ಹತ್ತೊಂಬತ್ತಕ್ಕೆ ಪುಲ್ಪಳ್ಳಿಯಲ್ಲಿ ಹೆಂಗಸರ ಸಂಘದ ತಿಂಡಿಮೇಳ. ನಾನೂ ಪಕ್ಕದ ಮನೆ ಶೀಜಳೂ ಸೇರಿ ಒಂದು ಸ್ಟಾಲ್. 'ವಿಚಿತ್ರ ಜೋಡಿ — ಮನೆಯಲ್ಲೇ ಮಾಡಿ ನೋಡಿ' ಎಂದು ಬೋರ್ಡ್ ಬರೆಸಿದ್ದಾಳೆ. ಚೆನ್ನಾಗಿ ಹೋದರೆ ಪೇಟೆಯಲ್ಲಿ ಸಣ್ಣದೊಂದು ಅಂಗಡಿ. ಈ ವಯಸ್ಸಿಗೆ ನನ್ನದು ಅಂತ ಒಂದು. ಹೆದರಿಕೆಯೂ ಇದೆ, ಆಸೆಯೂ ಇದೆ.

ಜನವರಿ 14, ಸಂಕ್ರಾಂತಿ

ಮೊಸರನ್ನಕ್ಕೆ ಕಿತ್ತಳೆ ತೊಳೆ, ಮೇಲೆ ಸಾಸಿವೆ ಒಗ್ಗರಣೆ. ಮೇಳಕ್ಕೆ ಇದೂ ಇರಲಿ ಎಂದು ಚೇಕಾಡಿಯ ಗಂಧಕಶಾಲೆ ಅಕ್ಕಿ ತರಿಸಿದ್ದೆ. ಅನ್ನ ಬೇಯುವಾಗ ಓಣಿಯೆಲ್ಲ ಘಮ. ಬೇಲಿ ಆಚೆಯಿಂದಲೇ ಶೀಜ ಕೂಗಿದಳು, "ಚೇಚೀ, ಗಂಧಕಶಾಲ ಅಲ್ವಾ?"

ಇವರು ಒಲೆಯ ಪಕ್ಕದಲ್ಲೇ ನಿಂತು, "ಇವತ್ತು ಅಕ್ಕಿ ಯಾವುದು?" ಎಂದರು. ಅಬ್ಬಾ, ಇವರ ತಮಾಷೆಯೇ!

ತಿಂದು ಹೇಳಿದರು, "ಕಿತ್ತಳೆ ಹುಳಿ ಮೊಸರಿನ ಹುಳಿ ಜೊತೆ ಜಗಳ ಆಡ್ತಿಲ್ಲ, ಭೇಷ್. ಒಗ್ಗರಣೆಗೆ ಕಾಳುಮೆಣಸು ಕುಟ್ಟಿ ಹಾಕು, ಸ್ವಲ್ಪ ಜಾಸ್ತೀನೇ ಇರ್ಲಿ."

ಇಂಥ ಮಾತು ಆಡುವ ಗಂಡ ಯಾರಿಗಿದ್ದಾನೆ? ಶೀಜಳ ಗಂಡ ಏನು ಬಡಿಸಿದರೂ 'ಉಂ' ಅನ್ನುತ್ತಾನಂತೆ. ಪುಣ್ಯ ಮಾಡಿದ್ದೆ.

ಜನವರಿ 19, ಭಾನುವಾರ, ಸಂಜೆ

ಥೂ. ಬೇಡವಾಗಿತ್ತು.

ಮೊದಲು ತಿಂದ ಗಂಡಸಿಗೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಒಬ್ಬ ಹೆಂಗಸು ಪೇಪರಿಗೆ ಉಗಿದು, ಮಗಳ ಕೈಯಿಂದ ತಟ್ಟೆ ಕಿತ್ತುಕೊಂಡಳು, "ಬೇಡ ಮೋಳೇ." ಆಮೇಲೆ ಯಾರೂ ಹತ್ತಿರ ಬರಲಿಲ್ಲ. ಪಕ್ಕದ ಸ್ಟಾಲಿನವರು ನಮ್ಮನ್ನು ನೋಡಿ ಸೆರಗಿನ ಮರೆಯಲ್ಲಿ ನಗುತ್ತಿದ್ದರು.

ಶೀಜ ಒಂದು ತುಂಡು ಬಾಯಿಗೆ ಹಾಕಿ ಹೌಹಾರಿದಳು. "ಅಯ್ಯೋ ಚೇಚೀ, ಎಂಥ ಎರಿವು ಇದು! ಖಾರ ಬಿಟ್ರೆ ಬೇರೆ ಏನೂ ಇಲ್ಲ. ಮೊದಲೆಲ್ಲ ನೀವು ಮಾಡಿ ಕೊಡ್ತಿದ್ದದ್ದು ಹೀಗಿರ್ಲಿಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. "ನನ್ನ ಗಂಡ ತಿಂದು ನೋಡಿ ಸರಿ ಅಂದಿದ್ದು. ಅವರಿಗಿಂತ ನಿನ್ನ ನಾಲಿಗೆ ದೊಡ್ಡದಾ?"

ಅವಳು ತನ್ನ ಪಾತ್ರೆ ಎತ್ತಿಕೊಂಡು ಬೇರೆ ಜೀಪಿನಲ್ಲಿ ಹೋದಳು.

ತುಂಬಿದ ಪಾತ್ರೆಗಳ ಜೊತೆ ನಾನು ಮನೆಗೆ. ಇವರಿಗೆ ಎಲ್ಲ ಹೇಳಿ, "ಹೋಗಲಿ ಬಿಡಿ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ" ಎಂದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ತೋಟಕ್ಕೆ ಇಳಿದರು.

ಜನವರಿ 22, ಬುಧವಾರ

ಹಾಲು ಒಲೆಯ ಮೇಲಿಟ್ಟು ಅಂಗಳದಲ್ಲಿ ಕಾಫಿ ಹರಡುತ್ತಿದ್ದೆ. ಸೀದ ವಾಸನೆ ಅಲ್ಲಿಗೇ ಬಂತು. ಓಡಿ ಬಂದರೆ ಪಾತ್ರೆ ಕಪ್ಪಾಗಿದೆ, ಅಡುಗೆಮನೆ ತುಂಬ ಕಮಟು. ಇವರು ಅಲ್ಲೇ ಬಾಗಿಲ ಬಳಿ, ಒಲೆಗೆ ಬೆನ್ನು ಹಾಕಿ ಪೇಪರ್ ಓದುತ್ತಾ ಕೂತಿದ್ದಾರೆ. ನನ್ನ ಮುಖ ನೋಡಿ, "ಏನಾಯ್ತು?" ಎಂದರು.

ಏನಾಯ್ತಂತೆ!

ಪಾತ್ರೆ ಉಜ್ಜುತ್ತಾ ಗಂಧಕಶಾಲೆ ನೆನಪಾಯಿತು. ಅದು ತಮಾಷೆಯಾಗಿರಲಿಲ್ಲವೋ ಏನೋ... ಛೆ, ಏನೇನೋ ಯೋಚನೆ.

ಜನವರಿ 23, ಬೆಳಿಗ್ಗೆ

ಇವರ ಕಾಫಿಗೆ ಬೆಲ್ಲ ಹಾಕಲಿಲ್ಲ. ಉಪ್ಪು ಹಾಕಿದೆ. ಒಂದು ಚಮಚ.

ಸೊರ ಸೊರ ಕುಡಿದರು. ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು ಹೇಳಿದರು, "ಇವತ್ತು ಹದ ಬಂದಿದೆ. ಬೆಲ್ಲ ಮಾತ್ರ ಒಂದು ಎಳೆ ಜಾಸ್ತಿ."

ಜನವರಿ 27, ಸೋಮವಾರ

ನಾಲ್ಕು ದಿನ ಮಾತು ಬಿಟ್ಟಿದ್ದೆ. ಇವತ್ತು ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಕೂತಾಗ ನೇರವಾಗಿ ಕೇಳಿದೆ. "ಯಾವಾಗಿಂದ?"

ತುತ್ತು ಕೈಯಲ್ಲೇ ನಿಂತಿತು. "ಆ ಕೊರೊನಾ ಜ್ವರ ಬಂತಲ್ಲ, ಆಗಿಂದ. ವಾಸನೆ ಇಲ್ಲ. ಉಪ್ಪು ಸಿಹಿ ಏನೂ ಇಲ್ಲ. ಕಾಳುಮೆಣಸು ಸುಡೋದು ಮಾತ್ರ ಗೊತ್ತಾಗ್ತದೆ. ಬಾಯಲ್ಲಿ ಏನೋ ಉಂಟು ಅಂತ ತಿಳಿಯೋದು ಅದೊಂದರಿಂದ್ಲೇ."

"ಯಾರಿಗೆಲ್ಲ ಗೊತ್ತು?"

"ಸಜೀವನಿಗೆ." ಮೆಣಸಿನ ವ್ಯಾಪಾರಿ, ಇವರ ಗೆಳೆಯ. "ಅವನ ಅಂಗಡೀಲಿ ಕಾಳು ನೋಡಿ ಹೇಳ್ಬೇಕಲ್ಲ. ಯಾರ ತೋಟದ್ದು ಅಂತ ಅವನೇ ಮೊದಲು ನನ್ನ ಕಿವೀಲಿ ಹೇಳ್ತಾನೆ. ನಾಲಿಗೆ ಸತ್ತ ಆದಿರಾಜ ಅಂತ ಊರವರು ಆಡ್ಕೋಬಾರ್ದು ಅಂತ..."

ಊರಿಗೆ ಬೇಡ, ಸರಿ. ಸಜೀವನಿಗೆ ಹೇಳಬಹುದು. ಒಲೆಯ ಮುಂದೆ ಬೇಯುವ ನನಗೆ ಹೇಳಬಾರದು.

"ಮತ್ತೆ ತುಪ್ಪ ಮುಂದೆ, ಬೆಲ್ಲ ಹಿಂದೆ ಅಂತಿದ್ರಲ್ಲ? ಅದೆಲ್ಲ?"

ತಲೆ ತಗ್ಗಿಸಿದರು. "ಬರೀ ಚೆನ್ನಾಗಿದೆ ಅಂದ್ರೆ ನೀನು ನಂಬ್ತಿರ್ಲಿಲ್ಲ. ಅದಕ್ಕೆ ಏನಾದ್ರೂ ತಪ್ಪು ಹೇಳ್ತಿದ್ದೆ."

ತಟ್ಟೆ ಅಲ್ಲೇ ಬಿಟ್ಟು ಎದ್ದೆ. ಇಷ್ಟು ವರ್ಷ ನನ್ನ ಕಿವಿಗೆ ಹೂ ಮುಡಿಸಿದ್ದಾರೆ. ಅವರು ಬಾಯಿಗೆ ಬಂದ ತಪ್ಪು ಹೇಳುವುದು, ಪೆದ್ದಿ ನಾನು ಅದನ್ನು ತಿದ್ದುವುದು. ಗಂಟಲು ಉರಿದಾಗೆಲ್ಲ ನನ್ನ ಗಂಟಲೇ ಸರಿಯಿಲ್ಲ ಅಂದುಕೊಂಡೆನಲ್ಲ! ಶೀಜಳನ್ನು ಅಷ್ಟು ಜನರ ಮುಂದೆ ಹೀನಾಯವಾಗಿ ಅಂದೆ. ಅವರು ಬಾಯಿ ಬಿಟ್ಟು ಆಡಿದ ನಿಜ ಒಂದೇ — ಕಾಳುಮೆಣಸು ಇನ್ನೊಂದು ಚೂರು.

ನಾಲಿಗೆ ಹೋಗಿದ್ದಕ್ಕೆ ಸಿಟ್ಟಿಲ್ಲ. ಹೇಳಿದ್ದರೆ ಕೈಹಿಡಿದು ಅಳುತ್ತಿದ್ದೆ. ಮೋಸ. ಇದು ಮೋಸ.

ಫೆಬ್ರವರಿ 2, ಭಾನುವಾರ

ಶೀಜಳ ಮನೆಗೆ ಹೋಗಿ ತಪ್ಪಾಯಿತು ಎಂದೆ. ನಡೆದದ್ದೆಲ್ಲ ಹೇಳಿದೆ. ಬಾಯಿ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ಬೈಯಲಿಲ್ಲ.

"ಮುಂದಿನ ತಿಂಗಳು ವೆಳ್ಳಮುಂಡದಲ್ಲಿ ಮೇಳ ಉಂಟು ಚೇಚಿ. ಹೋಗುವ. ಆದ್ರೆ ಈ ಸಲ ನೀವು ತಿಂದು ನೋಡಿ ತನ್ನಿ. ನೀವು. ಬೇರೆ ಯಾರೂ ಬೇಡ."

ಮನೆಗೆ ಬಂದು ನೇಂದ್ರ ಹುರಿದೆ. ಬೆಲ್ಲ, ಕಾಫಿ ಪುಡಿ. ಕಾಳುಮೆಣಸು ಒಂದೇ ಚಿಟಿಕೆ. ಇವರು ಬಂದು ಬಾಗಿಲಲ್ಲಿ ನಿಂತರು. ತಟ್ಟೆ ಚಾಚಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ, ಮೊದಲ ತುತ್ತು ನಾನೇ ಹಾಕಿಕೊಂಡೆ.

"ಹೇಗಿದೆ?" ಎಂದರು. ಸಣ್ಣ ದನಿ. ನನಗೆ ಪಾಪ ಅನ್ನಿಸಲಿಲ್ಲ.

ಬಾಯಿ ತೆರೆದೆ. ಹೊರಗೆ ಬಂದದ್ದು, "ತುಪ್ಪ ಮುಂದೆ ಬಂದಿದೆ, ಬೆಲ್ಲ ಹಿಂದೆ ಬಿದ್ದಿದೆ."

ಅವರದೇ ಮಾತು. ನನ್ನ ಬಾಯಲ್ಲಿ. ಅವರೂ ಬೆಚ್ಚಿದರು.

"ಹೊರಗೆ ಹೋಗಿ" ಎಂದು ಹೇಳಿ ಬಾಗಿಲು ಹಾಕಿಕೊಂಡೆ. ತಟ್ಟೆ ಮುಂದಿದೆ, ಪೆನ್ನು ಕೈಯಲ್ಲಿದೆ. ಇನ್ನೊಂದು ತುತ್ತು. ಬೆಲ್ಲ ನಿಜವಾಗಿ ಹಿಂದೆ ಬಿದ್ದಿದೆಯಾ? ಗೊತ್ತಾಗುತ್ತಿಲ್ಲ. ಮತ್ತೊಂದು. ಯಾರ ಮಾತೂ ಬೇಡ. ನನ್ನ ನಾಲಿಗೆಗೆ — ನನ್ನದಕ್ಕೆ ಮಾತ್ರ — ಇದು... ಇನ್ನೂ ಒಂದು ತುತ್ತು ತಿಂದು ಬರೆಯುತ್ತೇನೆ.